ಹಲೀಪಾಳ ಮೋಟಾರಿಗೆ ನೀರು ಹತ್ತದ ಶುಕ್ರವಾರ

ಹಲೀಪಾಳ ಮನೆಯ ನೆಲದ ಮೇಲೆಯೇ ಅನ್ನ ಸುರಿದುಕೊಂಡು ಉಣ್ಣಬಹುದು ಎಂದು ನಮ್ಮ ಕೇರಿಯ ಹೆಂಗಸರು ಹೇಳುತ್ತಿದ್ದರು. ಅದು ಹೊಗಳಿಕೆಯೂ ಹೌದು, ಕೊಂಕೂ ಹೌದು. ಕಡಲಲ್ಲಿ ನೆಟ್ಟ ಕಂಬಗಳ ಮೇಲಿನ ಮನೆಗಳು ನಮ್ಮವು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಹಲೀಪಾ ದಿನವಿಡೀ ಕಡಲಲ್ಲಿ ಬೆಳೆಸುವ ಪಾಚಿಯ ಸಸಿಗಳನ್ನು ಪ್ಲಾಸ್ಟಿಕ್ ದಾರದಿಂದ ಹಗ್ಗಕ್ಕೆ ಕಟ್ಟುವಳು, ಉಳಿದ ದಾರದ ತುಂಡುಗಳನ್ನೂ ಕತ್ತರಿಸಿ ತೆಗೆದ ಹಳೆಯ ಗಂಟುಗಳನ್ನೂ ಸಂದಿಯಿಂದ ಕೆಳಗೆ ಗುಡಿಸಿಬಿಡುವಳು. ನಾವೂ ಹಾಗೇ ಮಾಡುತ್ತಿದ್ದೆವು, ಕಡಲು ಕೊಂಡೊಯ್ಯುತ್ತದಲ್ಲ. ಆದರೆ ಅವಳಷ್ಟು ಕಟ್ಟುವವರು, ಅವಳಷ್ಟು ಗುಡಿಸುವವರು ಬೇರೆ ಇರಲಿಲ್ಲ.

ಅವಳ ಗಂಡ ಉದ್ದಿಂಗ್ ನನ್ನ ಅಣ್ಣ. ದೋಣಿಯಲ್ಲಿ ಗಾಳಿಯಂತ್ರ ಇಟ್ಟು, ಕೊಳವೆ ಕಚ್ಚಿಕೊಂಡು ಆಳಕ್ಕಿಳಿದು, ತಳದಲ್ಲಿ ತೆವಳುವ ಕಡಲಸೌತೆ ಎಂಬ ಜೀವಿಗಳನ್ನು ಮಾರಾಟಕ್ಕೆ ಹೆಕ್ಕುವವನು. ಆ ಶುಕ್ರವಾರ ಬೆಳಿಗ್ಗೆ ಮುಳುಗಿ ಬಂದವನು ಮನೆಯ ಏಣಿ ಹತ್ತಲಾರದೆ ಕುಸಿದ. ಸೊಂಟದಿಂದ ಕೆಳಗಿನದು ತನ್ನದೇ ಅಲ್ಲ ಎಂದ. ಆಳದಿಂದ ಅವಸರವಾಗಿ ಮೇಲೆ ಬಂದವರಿಗೆ ಹೀಗಾಗುವುದನ್ನು ನಾವು ಕಂಡಿದ್ದೆವು. ದೊಡ್ಡ ದ್ವೀಪದ ಆಸ್ಪತ್ರೆಯಲ್ಲಿ ಒಂದು ಕಬ್ಬಿಣದ ಕೋಣೆಯಿದೆ. ಬೇಗ ಒಯ್ದು ಅದರೊಳಗೆ ಮಲಗಿಸಿ ಗಾಳಿ ಒತ್ತಿದರೆ ಕಾಲು ಬರುತ್ತದೆ. ಹೊತ್ತು ಮೀರಿದರೆ ಇಲ್ಲ.

ಗಂಡಸರು ಅವನನ್ನು ದೋಣಿಯಲ್ಲಿ ಮಲಗಿಸಿದರು. ಹಗುರವಾದಷ್ಟೂ ಬೇಗ ಹೋಗುತ್ತದೆಂದು ಹಲೀಪಾ ನನ್ನೊಬ್ಬಳನ್ನು ಬಿಟ್ಟು ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ಮನೆಗಳ ಸಾಲು ದಾಟಿ ಆಳದ ನೀರು ಸಿಗುವವರೆಗೆ ಕೋಲು ಹಾಕಿ ತಳ್ಳಿಕೊಂಡು ಹೋಗಿ, ಆಮೇಲೆ ಮೋಟಾರು ಎಬ್ಬಿಸುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳು ಏಣಿಯ ಬುಡದಲ್ಲೇ ಮೋಟಾರಿನ ಹಗ್ಗ ಎಳೆದು ಎಬ್ಬಿಸಿದಳು.

"ಏ ಹಲೀಪಾ, ಕೋಲು ಹಾಕೇ! ಕಸದ ಮೇಲೆ ಓಡಿಸ್ತೀಯಲ್ಲೇ!" ಎಂದು ಎದುರುಮನೆಯ ಅಜ್ಜಿ ಕೂಗಿದಳು.

"ನಾನು ಕೋಲು ಹಾಕ್ತಾ ಇದ್ರೆ ಇವನ ಕಾಲು ಕಾಯ್ತಾವಾ?"

ಕಡಲ ನಡುವೆ, ಊರೂ ಕಾಣದ ದ್ವೀಪವೂ ಕಾಣದ ಜಾಗದಲ್ಲಿ, ಮೋಟಾರಿನ ಹಿಂದೆ ಚಿಮ್ಮುತ್ತಿದ್ದ ನೀರಿನ ಧಾರೆ ಸಣ್ಣಗಾಯಿತು. ಮೋಟಾರು ಉಚ್ಚೆ ಹೊಯ್ಯುತ್ತಿದ್ದರೆ ಅದರ ಹೊಟ್ಟೆ ತಣ್ಣಗಿದೆ ಎಂದರ್ಥ. ಧಾರೆ ಹನಿಯಾಯಿತು, ಹನಿ ಹಬೆಯಾಯಿತು. ಸುಟ್ಟ ರಬ್ಬರಿನ ವಾಸನೆ ಬಂತು. ಹಲೀಪಾ ಮೋಟಾರು ಆರಿಸಿದಳು.

"ಯಾಕೆ ನಿಲ್ಸಿದೆ?" ಎಂದ ಅಣ್ಣ, ಮಲಗಿದ್ದಲ್ಲಿಂದಲೇ.

"ಉಚ್ಚೆ ಕಟ್ಕೊಂಡಿದೆ."

"ನಂಗೂ ಬೆಳಿಗ್ಗೆಯಿಂದ ಬಂದಿಲ್ಲ ಮಾರಾಯ್ತಿ. ಯಾರನ್ನ ಮೊದ್ಲು ನೋಡ್ತೀಯ?"

"ಮೋಟಾರನ್ನ. ಅದು ಎದುರು ಮಾತಾಡಲ್ಲ." ಹಾಗೆಂದವಳು ಅವನ ಕಿಬ್ಬೊಟ್ಟೆ ಮುಟ್ಟಿ ನೋಡಿದಳು. ಕಲ್ಲಿನ ಹಾಗಿತ್ತು. ಮತ್ತೆ ತಮಾಷೆ ಮಾಡಲಿಲ್ಲ.

ಮೋಟಾರನ್ನು ಮೇಲಕ್ಕೆ ಬಾಗಿಸಿದೆವು. ನೀರಿನಲ್ಲಿ ತಿರುಗುವ ರೆಕ್ಕೆಯ ಮೇಲ್ಗಡೆ, ನೀರು ಹೀರುವ ಜಾಲರಿಗೆ ದಾರದ ತುಂಡುಗಳು ಮೆತ್ತಿಕೊಂಡಿದ್ದವು. ಬೆರಳಿಂದ, ಚಾಕುವಿನಿಂದ ಕಿತ್ತಳು. ಒಂದು ತುಂಡಿನಲ್ಲಿ ಗಂಟು ಇನ್ನೂ ಹಾಗೇ ಇತ್ತು: ಎರಡು ಸುತ್ತು, ಮೇಲೊಂದು ಕುಣಿಕೆ. ಹಾಗೆ ಕಟ್ಟುವವಳು ಊರಿನಲ್ಲಿ ಒಬ್ಬಳೇ. ಅವಳು ನನ್ನ ಮುಖ ನೋಡಿದಳು, ನಾನು ನೀರಿನ ಕಡೆ ನೋಡಿದೆ.

"ಏನಿತ್ತೇ ಅದ್ರಲ್ಲಿ?" ಅಣ್ಣ ಕೇಳಿದ.

"ಪಾಚಿ," ಎಂದಳು ಹಲೀಪಾ.

ಮೋಟಾರು ಎದ್ದಿತು, ನೀರು ಬರಲಿಲ್ಲ. ಧಾರೆಯ ತೂತಿಗೆ ಗಾಳದ ತಂತಿ ತೂರಿಸಿದಳು, ಬಾಯಿಟ್ಟು ಊದಿದಳು. ಉಪ್ಪು ಹಬೆ ಉಗುಳಿತಷ್ಟೆ. ಒಳಗೆ ನೀರೆತ್ತುವ ರಬ್ಬರ್ ಚಕ್ರ ಒಣಗಿ ತಿರುಗಿ ಹರಿದುಹೋಗಿತ್ತು.

"ಬಿಚ್ಚೋಣವಾ ಅತ್ತಿಗೆ?"

"ಬಿಚ್ಚಿ ಏನು ಹಾಕ್ಲಿ, ನಿನ್ನ ಚಪ್ಪಲೀನಾ?"

ಸುತ್ತ ಒಂದು ದೋಣಿಯಿಲ್ಲ. ಶುಕ್ರವಾರ ಬೆಳಗಿನ ಕೆಲಸ ಮುಗಿಸಿ ಮನೆ ಸೇರಿದವರು ಮಧ್ಯಾಹ್ನದ ನಮಾಜು ಮುಗಿಯುವವರೆಗೆ ಮತ್ತೆ ಕಡಲಿಗಿಳಿಯುವುದಿಲ್ಲ. ಹಲೀಪಾ ಮೋಟಾರಿನ ಮುಚ್ಚಳ ತೆಗೆದು, ತಲೆಯ ವಸ್ತ್ರ ನೆನೆಸಿ ಕಬ್ಬಿಣದ ಮೇಲೆ ಹೊದಿಸಿದಳು. ಅಂಗೈ ಒತ್ತಿ ಹಿಡಿದಳು. ಕೈ ತಾಳುವವರೆಗೆ ನಿಧಾನ ಓಡಿಸುವುದು; ತಾಳದಾಗ ಆರಿಸಿ, ಹುಟ್ಟು ಹಾಕುವುದು; ಬಿಸಿ ಆರಿದ ಮೇಲೆ ಮತ್ತೆ ಎಬ್ಬಿಸುವುದು. ಅಂಗೈ ಬೊಬ್ಬೆಯೆದ್ದು ಒಡೆಯಿತು, ಎಡಗೈ ಇಟ್ಟಳು. "ಒಂದು ಹನಿ ಹೊಯ್ಯೋ ನನ್ನಪ್ಪಾ, ಒಂದೇ ಹನಿ," ಎಂದು ಕಬ್ಬಿಣಕ್ಕೆ ಅಂಗಲಾಚಿದಳು.

"ದಂಡೆ ಕಾಣ್ಸುತ್ತಾ?" ಅಣ್ಣ ಕೇಳುತ್ತಲೇ ಇದ್ದ.

"ಕಾಣ್ಸುತ್ತೆ," ಎನ್ನುತ್ತಿದ್ದಳು. ಏನೂ ಕಾಣುತ್ತಿರಲಿಲ್ಲ.

ಊಟದ ಹೊತ್ತಿಗೆ ಮುಟ್ಟಬೇಕಾದವರು ಸೂರ್ಯ ಮುಳುಗುವಾಗ ಮುಟ್ಟಿದೆವು. ಮೋಟಾರು ಒಳಗೇ ಬಿಗಿದುಕೊಂಡು ಸತ್ತಿತ್ತು. ಡಾಕ್ಟರು ನಳಿಕೆ ಹಾಕಿ ಉಚ್ಚೆ ಬಿಡಿಸಿದರು, ಕಬ್ಬಿಣದ ಕೋಣೆಯಲ್ಲೂ ಮಲಗಿಸಿದರು. ಜೀವ ಉಳಿಯಿತು, ಕಾಲು ಬರಲಿಲ್ಲ. "ಮಧ್ಯಾಹ್ನವೇ ತಂದಿದ್ದರೆ..." ಎಂದು ಶುರು ಮಾಡಿದವರು ಅವಳ ಅಂಗೈ ಕಂಡು ಮಾತು ನುಂಗಿಕೊಂಡರು.

ಊರಿಗೆ ಮರಳಿದ ಮೇಲೆ ನಳಿಕೆಯ ಜಾಗ ಕೀವು ಕಟ್ಟಿ ಜ್ವರ ಬಂತು. ಮತ್ತೆ ಮತ್ತೆ ಬಂತು. ಕಡಲಿನ ಮನೆಗೆ ನರ್ಸ್ ಬರುವುದಿಲ್ಲ. ದಂಡೆಯಲ್ಲಿ, ದವಾಖಾನೆಯ ಪಕ್ಕ, ಹಲೀಪಾಳ ತಮ್ಮನ ಮನೆಯಿತ್ತು; ಅಲ್ಲಿಗೇ ಹೋಗಿ ಇರೋಣ ಎಂದಳು.

"ನೆಲದ ಮೇಲೆ ನಂಗೆ ನಿದ್ದೆ ಬರಲ್ಲ. ಅದು ಅಲ್ಲಾಡೋದೇ ಇಲ್ಲ," ಎಂದ ಅಣ್ಣ.

"ನಾನು ಅಲ್ಲಾಡಿಸ್ತೀನಿ, ಬಾ."

ಹೊರಡುವ ದಿನ ಎತ್ತಲು ಗಂಡಸರು ಬಂದರು. ಅವಳು ಬಿಡಲಿಲ್ಲ. ಅವನನ್ನು ಬೆನ್ನಿಗೆ ಹಾಕಿಕೊಂಡು ಉದ್ದನೆಯ ಬಟ್ಟೆಯಿಂದ ಬಿಗಿದು ಕಟ್ಟಿಸಿಕೊಂಡಳು.

"ಕತ್ತು ಗಟ್ಟಿಯಾಗಿ ಹಿಡ್ಕೋ."

"ಗಟ್ಟಿಯಾಗಿ ಹಿಡಿದ್ರೆ ನೀನು ಸಾಯ್ತೀಯ."

"ಬಿದ್ರೂ ಇಬ್ರೂ ನೀರಿಗೇ ತಾನೇ. ಹಿಡಿ."

ಏಣಿಗೆ ಮುಖಮಾಡಿ ಇಳಿಯತೊಡಗಿದಳು. ಅವಳ ಸೊಂಟದ ಎರಡೂ ಬದಿಗೆ ಜೋತ ಅವನ ಮೊಣಕಾಲುಗಳು ಒಂದೊಂದು ಮೆಟ್ಟಿಲಿಗೂ ಬಡಿಯುತ್ತಿದ್ದವು. ಅವನಿಗೆ ತಿಳಿಯುತ್ತಿರಲಿಲ್ಲ. ಪ್ರತಿ ಸಲವೂ "ಅಯ್ಯೋ" ಎನ್ನುತ್ತಿದ್ದವಳು ಹಲೀಪಾ.