ಇಳುಕಲಿನಲ್ಲಿ ಹಿಂದೆ ಕೂತವಳು

ನಿಜಾಮರ ರಾಜ್ಯದ ಕೊನೆಯ ವರ್ಷಗಳಲ್ಲಿ ನಾನು ಮಕ್ತಲ್ ಸಮೀಪದ ಒಂದು ಗುಡ್ಡದಿಂದ ಕಲ್ಲು ಇಳಿಸುವ ಲಾರಿಗೆ ಡ್ರೈವರನಾಗಿದ್ದೆ. ಉಟ್ಕೂರ್ ಕಡೆಯ ಒಂದು ಕೆರೆಯ ಏರಿ ಕುಸಿದಿತ್ತು. ಮಳೆಗಾಲಕ್ಕೆ ಮೊದಲು ಅದಕ್ಕೆ ಕಲ್ಲು ಕಟ್ಟಿ ಮುಗಿಸಬೇಕಿತ್ತು. ಕೆಲಸ ಹಿಡಿದ ಗುತ್ತೇದಾರರು ಗದ್ವಾಲಿನವರು. ಯುದ್ಧ ಮುಗಿದ ಮೇಲೆ ಮಾರಾಟಕ್ಕೆ ಬಂದ ಮಿಲಿಟರಿ ಲಾರಿಯೊಂದನ್ನು ಕೊಂಡು, ಅದರ ಹಿಂದೆ ಒಂದು ಟ್ರೇಲರ್ ಕಟ್ಟಿಸಿದ್ದರು. ಎರಡರಲ್ಲೂ ತುಂಬ ಕಲ್ಲು ಹೇರಿಕೊಂಡು ಗುಡ್ಡದ ಮೂರು ತಿರುವು ಇಳಿಯುವುದು ನನ್ನ ಕೆಲಸ.

ನನಗೆ ಆಗ ಇಪ್ಪತ್ತಾರು ವರ್ಷ. ಅದಕ್ಕೂ ಮೊದಲು ನಾರಾಯಣಪೇಟೆಗೂ ಮಕ್ತಲಿಗೂ ನಡುವೆ ಬಸ್ಸು ಓಡಿಸುತ್ತಿದ್ದೆ. ಆ ದಾರಿ ಮಟ್ಟಸವಾದದ್ದು, ಬ್ರೇಕು ಬೇಕಾಗುತ್ತಿದ್ದುದು ಎಮ್ಮೆ ಅಡ್ಡ ಬಂದಾಗ ಮಾತ್ರ. ಆದರೂ ನನ್ನಂಥ ಡ್ರೈವರ್ ಆ ಸೀಮೆಯಲ್ಲಿ ಇಲ್ಲ ಎಂದೇ ನಂಬಿದ್ದೆ.

ಟ್ರೇಲರಿಗೆ ಬೇರೆಯೇ ಬ್ರೇಕು ಇತ್ತು. ಅದರ ಮುಂಭಾಗದಲ್ಲಿ ಒಂದು ಹಲಗೆ, ಹಲಗೆಯ ಮುಂದೆ ಕಬ್ಬಿಣದ ಚಕ್ರ. ಅಲ್ಲಿ ಕೂತವರು ಚಕ್ರವನ್ನು ತಿರುಗಿಸಿದರೆ ಎರಡು ಮರದ ದಿಮ್ಮಿಗಳು ಗಾಲಿಗಳನ್ನು ಒತ್ತಿ ಹಿಡಿಯುತ್ತಿದ್ದವು. ಲಾರಿಯಿಂದ ಅಲ್ಲಿಯವರೆಗೆ ಒಂದು ಹಗ್ಗ ಎಳೆದು, ಅದರ ತುದಿಗೆ ಗಂಟೆ ಕಟ್ಟಿದ್ದರು. ನಾನು ಒಂದು ಸಲ ಜಗ್ಗಿದರೆ ಬಿಗಿಯಬೇಕು, ಎರಡು ಸಲ ಜಗ್ಗಿದರೆ ಸಡಿಲಿಸಬೇಕು.

ಆ ಹಲಗೆಯ ಮೇಲೆ ಮೊದಲು ಕೂರುತ್ತಿದ್ದವನು ಕುರುಬರ ಒಬ್ಬ ಗಂಡಾಳು. ಕಲ್ಲು ಹೇರುವಾಗ ಅವನ ಮುಂಗೈ ಮುರಿಯಿತು. ಮರುದಿನ ಬೆಳಿಗ್ಗೆ ಅವನ ಹೆಂಡತಿ ಬಂದು ಹಲಗೆ ಹತ್ತಿ ಕೂತಳು. ನಲವತ್ತೈದರ ಆಸುಪಾಸಿನ, ಒಣಕಲು ಮೈಯ ಹೆಂಗಸು. ಹಣೆಯ ತುಂಬ ಬೀರಪ್ಪ ದೇವರ ಭಂಡಾರದ ಅರಿಸಿನ. ಮೇಸ್ತ್ರಿ ಬೇಡವೆಂದ. ಆಕೆ, "ಒಂದು ಸಲ ಇಳಿದು ನೋಡ್ರಿ, ಆಮ್ಯಾಲ ಬ್ಯಾಡ ಅನ್ರಿ," ಎಂದಳು. ಆ ದಿನ ಆರು ಸಲ ಇಳಿದೆವು. ಮೇಸ್ತ್ರಿ ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ನಾನು ಗಂಟೆ ಜಗ್ಗುವ ಮೊದಲೇ ಆಕೆಯ ಬ್ರೇಕು ಬಿದ್ದಿರುತ್ತಿತ್ತು. ಇಳುಕಲು ಶುರುವಾಗುವ ಮುಂಚೆಯೇ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಇಡುತ್ತಿದ್ದಳು. ಇದರಿಂದ ಹಿಂದಿನ ಬಂಡಿ ಲಾರಿಯನ್ನು ದೂಡದೆ, ತುಸು ಹಿಂದಕ್ಕೆ ಜಗ್ಗುತ್ತಲೇ ಬರುತ್ತಿತ್ತು. ಎರಡನೆಯ ತಿರುವಿನಲ್ಲಿ ಒಂದು ಮಟ್ಟಸ ಜಾಗವಿತ್ತು. ಅಲ್ಲಿ ನಿಲ್ಲಿಸಲು ಹೇಳಿ, ಇಳಿದು, ಗಾಲಿಗಳ ಹತ್ತಿರ ಅಂಗೈ ಹಿಡಿದು ಕಾವು ನೋಡುತ್ತಿದ್ದಳು. ಕಾವು ಇಳಿದ ಮೇಲೆಯೇ ಮತ್ತೆ ಹತ್ತುತ್ತಿದ್ದಳು.

ನನಗೆ ಅದು ಬೇಸರ ತರುತ್ತಿತ್ತು. ಒಂದು ದಿನ ಕೇಳಿಯೂ ಬಿಟ್ಟೆ.

"ಅಕ್ಕಾ, ಬ್ರೇಕು ನನ್ನ ಕಾಲಾಗ ಐತಿ. ಇಷ್ಟೊತ್ತು ನಿಂದ್ರೋದು ಯಾಕ?"

"ನಿನ್ನ ಕಾಲಾಗ ಐತಿ ಖರೆ. ಆದ್ರ ಅದು ದಣೀತೈತಿ ತಮ್ಮಾ. ಹತ್ತುವಾಗ ಎಂಥಾ ಗೇರು ಹಾಕ್ತಿ, ಇಳಿಯುವಾಗನೂ ಅದನ್ನೇ ಹಾಕು. ಇಂಜಿನ್ನೇ ಹಿಡಿದು ಇಳಸ್ತೈತಿ. ನಿನ್ನ ಕಾಲಿಗಿ ಕೆಲಸ ಕಡಿಮಿ."

ಲಾರಿಯ ಒಳಗೆ ಒಂದು ದಿನವೂ ಕೂರದ ಹೆಂಗಸು ನನಗೆ ಗೇರಿನ ಪಾಠ ಹೇಳುತ್ತಾಳಲ್ಲ ಎಂದು ಸಿಟ್ಟು ಬಂತು. ಇಂಜಿನ್ನಿನ ಸದ್ದು ಕೇಳಿ ಕೇಳಿಯೇ ಆಕೆಗೆ ಯಾವ ಗೇರು ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗಿತ್ತು. ಅದು ನನಗೆ ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಮುಗಿಲು ಕಪ್ಪಾಗಿ ಬಂತು. ಮಳೆ ಬಿದ್ದರೆ ಕೆಂಪು ಮಣ್ಣಿನ ಆ ದಾರಿಯಲ್ಲಿ ಇಳಿಯುವಂತಿರಲಿಲ್ಲ. ಬೇಗ ಇಳಿದುಬಿಡೋಣವೆಂದು ಮೂರನೆಯ ಗೇರಿನಲ್ಲೇ ಹೊರಟೆ. ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟೇ ಇದ್ದೆ. ಮಟ್ಟಸ ಜಾಗ ಬಂದಾಗ ಹಿಂದಿನಿಂದ ಆಕೆ ಕೂಗಿದ್ದು ಕೇಳಿಸಿತು. ಕೇಳಿಸದವನಂತೆ ಮುಂದೆ ಹೋದೆ.

ಅಲ್ಲಿಂದ ಐವತ್ತು ಮಾರು ಹೋಗಿರಬೇಕು, ಸುಟ್ಟ ವಾಸನೆ ಬಂತು. ಒತ್ತಿದ ಬ್ರೇಕು ಮೆತ್ತಗೆ ಕೆಳಗೆ ಹೋಯಿತು. ಇನ್ನೂ ಒತ್ತಿದೆ, ಕಾಲು ಲಾರಿಯ ತಳಕ್ಕೆ ತಾಗಿತು. ಲಾರಿ ಮಾತ್ರ ನಿಧಾನವಾಗಲಿಲ್ಲ. ಎರಡನೆಯ ಗೇರಿಗೆ ಹಾಕಲು ಹೋದೆ. ಮೂರರಿಂದ ಹೊರಬಂತು, ಎರಡಕ್ಕೆ ಬೀಳಲಿಲ್ಲ, ಕರಕರ ಎಂದಿತು. ಈಗ ಇಂಜಿನ್ನಿನ ಹಿಡಿತವೂ ತಪ್ಪಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಕಣಿವೆ, ಮುಂದೆ ಮೂರನೆಯ ತಿರುವು. ಕೈಬ್ರೇಕು ಜಗ್ಗಿದೆ. ಅದೂ ಏನೂ ಮಾಡಲಿಲ್ಲ. ಹೆದರಿಕೆಯಲ್ಲಿ ಗಂಟೆಯ ಹಗ್ಗದ ನೆನಪೇ ನನಗೆ ಆಗಲಿಲ್ಲ.

ಆಗ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದಂತಾಯಿತು. ಆಮೇಲೆ ಬಿಟ್ಟಂತಾಯಿತು. ಮತ್ತೆ ಎಳೆತ, ಮತ್ತೆ ಬಿಡುವು. ಒಂದೊಂದು ಎಳೆತಕ್ಕೂ ಓಟ ತುಸು ತಗ್ಗುತ್ತಿತ್ತು. ಆಕೆ ಹಲಗೆಯ ಮೇಲೇ ಇದ್ದಾಳೆ, ಹಾರಿಕೊಂಡಿಲ್ಲ ಎಂದು ಅದರಿಂದಲೇ ತಿಳಿಯಿತು. ನನಗೆ ಬುದ್ಧಿ ಬಂತು. ಇಂಜಿನ್ನಿಗೆ ಒಂದು ಸಲ ಜೋರು ಕೊಟ್ಟು, ಓಟ ತಗ್ಗಿದ ಹೊತ್ತು ನೋಡಿ ಗೇರು ಹಾಕಿದೆ. ಬಿತ್ತು. ಲಾರಿ ಮುಗ್ಗರಿಸಿದಂತೆ ನಡುಗಿತು. ತಿರುವಿನಲ್ಲಿ ಎಡಗಡೆಯ ಮಣ್ಣಿನ ದಿಬ್ಬಕ್ಕೆ ಮುಂಗಾಲಿ ಒತ್ತಿಕೊಂಡು ನಿಂತೆವು.

ನಾನು ಇಂಜಿನ್ನು ನಿಲ್ಲಿಸಿ ಕೆಳಗೆ ಇಳಿದೆ. ಆಕೆ ಆಗಲೇ ಇಳಿದು ಒಂದೊಂದೇ ಗಾಲಿಗೆ ಇಳುಕಲಿನ ಕಡೆಯಿಂದ ಕಲ್ಲು ಕೊಡುತ್ತಿದ್ದಳು. ಮರದ ದಿಮ್ಮಿಗಳಿಂದ ಹೊಗೆ ಏಳುತ್ತಿತ್ತು. ನಾನು ನೀರಿನ ಡಬ್ಬಿ ತಂದು ಕಾದ ಗಾಲಿಗೆ ಸುರಿಯಲು ಹೋದೆ. ಆಕೆ ನನ್ನ ಕೈ ಹಿಡಿದಳು.

"ಕಾದ ಹೆಂಚಿಗಿ ತಣ್ಣೀರು ಹಾಕ್ತಾರೇನು? ಸೀಳತೈತಿ. ಗಾಳಿಗಿ ತಣ್ಣಗಾಗಲಿ ಬಿಡು."

ಹಿಡಿದ ಕೈ ಹಸಿಯಾಗಿತ್ತು. ನೋಡಿದರೆ ಅಂಗೈಯ ಚರ್ಮ ಎದ್ದು ರಕ್ತ ಬರುತ್ತಿತ್ತು.

"ಅಕ್ಕಾ, ನೀವು ಹಾರಿಕೋಬಹುದಿತ್ತಲ್ರಿ," ಎಂದೆ.

"ಹಾರಿಕೋಬಹುದಿತ್ತು. ಹಾರಿದ್ರ ನೀ ಒಬ್ಬನೇ ಹೋಗ್ತಿದ್ದಿ."

ಗಾಲಿ ತಣ್ಣಗಾಗಲೆಂದು ದಿಬ್ಬದ ಮೇಲೆ ಕೂತೆವು. ಮುಗಿಲು ನಾಲ್ಕು ಹನಿ ಉದುರಿಸಿ ಕೃಷ್ಣೆಯ ಕಡೆಗೆ ಹೋಯಿತು. ಹೆದರಿಕೆ ಇಳಿದ ಮೇಲೆ ನಾನು ಕೇಳಿದೆ.

"ಒಮ್ಮೆಲೇ ಬಿಗಿದುಬಿಡಲಿಲ್ಲ ಯಾಕ್ರಿ? ಬಿಟ್ಟು ಬಿಟ್ಟು ಹಿಡಿದ್ರಿ."

"ಬಿಗಿದಿದ್ರ ಗಾಲಿ ನಿಂದ್ರತಿದ್ವು, ಬಂಡಿ ನಿಂದ್ರತಿದ್ದಿಲ್ಲ. ಜಾರಿಕೊಂತ ಅಡ್ಡ ತಿರುಗಿ ನಿನ್ನ ಲಾರೀನೂ ಎಳಕೊಂಡು ಹೋಗ್ತಿತ್ತು. ಹಿಡೀಬೇಕು, ಬಿಡಬೇಕು. ಉಸಿರಾಡಾಕ ಬಿಡಬೇಕು ಅದಕ."

ಆಕೆ ನನ್ನನ್ನು ಬೈಯಲಿಲ್ಲ. ಮೇಸ್ತ್ರಿಗೆ ಹೇಳುತ್ತಾಳೆಂದು ಹೆದರಿದ್ದೆ, ಅದೂ ಮಾಡಲಿಲ್ಲ. ನಾನೇ ಹೋಗಿ ಹೇಳಿದೆ. ಮೇಸ್ತ್ರಿ ತೆಲುಗಿನಲ್ಲಿ ನನ್ನನ್ನು ಚೆನ್ನಾಗಿ ಬೈದು, ಇನ್ನು ಮೇಲೆ ಗುಡ್ಡ ಇಳಿಯುವುದು ಆಕೆ ಹೇಳಿದ ಹಾಗೆಯೇ ಎಂದ.

ಲಾರಿಯ ಬ್ರೇಕು ಬಿಚ್ಚಿ ಸರಿ ಮಾಡುವುದಕ್ಕೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಆಕೆ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದು ಹಲಗೆಯ ಮೇಲೆ ಕೂತಳು. ನಾನು ಗುಡ್ಡದ ಮೇಲೆಯೇ ನಿಂತು ಎರಡನೆಯ ಗೇರು ಹಾಕಿಕೊಂಡೆ. ಓಟ ಹೆಚ್ಚಿತೆನಿಸಿದಾಗ ಬ್ರೇಕು ಗಟ್ಟಿಯಾಗಿ ಒತ್ತಿ, ತಗ್ಗಿದ ಕೂಡಲೇ ಕಾಲು ತೆಗೆದೆ. ಮಟ್ಟಸ ಜಾಗದಲ್ಲಿ ನಿಲ್ಲಿಸಿ ನಾನೇ ಇಳಿದು ಕಾವು ನೋಡಿದೆ. ಕೆಳಗೆ ಮುಟ್ಟುವಷ್ಟರಲ್ಲಿ ಮೊದಲಿನ ಎರಡರಷ್ಟು ಹೊತ್ತಾಗಿತ್ತು. ಆಕೆ ಇಳಿದು ಸೆರಗು ಕೊಡವಿಕೊಂಡು, "ಇವತ್ತು ನನಗ ಕೆಲಸನೇ ಇಲ್ಲದಂಗ ಆತು," ಎಂದಳು. ಬಸ್ಸು ಓಡಿಸಿ ಎಷ್ಟೋ ಜನರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಯಾವುದೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಏರಿಯ ಕೆಲಸ ಮುಗಿಯುತ್ತ ಬಂತು. ಗುತ್ತೇದಾರರು ಇನ್ನೊಂದು ಗುಡ್ಡದ ಕೆಲಸಕ್ಕೂ ಬರುವಂತೆ ಆಕೆಯನ್ನು ಕೇಳಿದರು. ಗಂಡನ ಕೈ ಕೂಡಿತ್ತು, ಕುರಿಗಳನ್ನು ಹೊಡೆದುಕೊಂಡು ಹೋಗುವ ಕಾಲ ಬಂದಿತ್ತು, ಆಗುವುದಿಲ್ಲ ಎಂದಳು. ತನ್ನ ಬದಲಿಗೆ ಬಂದ ಆಳನ್ನು ಚಕ್ರದ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತು, ಕೊನೆಯ ದಿನ ಒಂದು ಸಲ ಇಳಿದಳು. ಮೂರೂ ತಿರುವಿನಲ್ಲಿ ಹಿಂದಿನ ಬಂಡಿ ಒಂದು ಸಲವೂ ದೂಡಲಿಲ್ಲ. ಆಕೆಯೇ ಚಕ್ರ ಹಿಡಿದಿದ್ದಾಳೆ ಎಂದುಕೊಂಡೆ. ಕೆಳಗಿಳಿದು ನೋಡಿದರೆ ಆ ಆಳಿನ ಎರಡೂ ಕೈ ಚಕ್ರದ ಮಸಿಯಿಂದ ಕಪ್ಪಾಗಿದ್ದವು. ಆಕೆ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು.