ನಾಯಿ ಬಿಡಲು ನನ್ನ ಹೆಸರೇ ಬೇಕಾಯಿತೇ?

ನಾಯಿಯನ್ನು ಮರಳುಗಾಡಿನಲ್ಲಿ ಬಿಟ್ಟು ಬರಲು ಹೊರಟಿದ್ದರು, ಅದೂ ನನ್ನ ಹೆಸರು ಹೇಳಿ. ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಈಗ ಬರೆಯಲು ಕುಳಿತರೂ ಸಿಟ್ಟು ಏರುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಾಜೂಕಾಗಿ ಹೇಳಲು ಬರುವುದಿಲ್ಲ, ಹೇಳುವ ಮನಸ್ಸೂ ಇಲ್ಲ.

ನನ್ನ ಮಗ ಸೌದಿಯ ಅಲ್ ಅಹ್ಸಾದಲ್ಲಿ ಕೆಲಸದಲ್ಲಿದ್ದಾನೆ. ವಿಸಿಟ್ ವೀಸಾದಲ್ಲಿ ಅವನ ಮನೆಗೆ ಹೋಗಿದ್ದೆ. ಮನೆಯಲ್ಲಿ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಮತ್ತೆ ಈ ನಾಯಿ. ಕಂದು ಬಣ್ಣ, ಉದ್ದ ಕಾಲು, ಹೊಟ್ಟೆ ಬೆನ್ನಿಗೆ ಅಂಟಿದ ಹಾಗೆ. ಮರಿಯಾಗಿದ್ದಾಗ ಬೀದಿಯಿಂದ ಎತ್ತಿಕೊಂಡು ಬಂದದ್ದಂತೆ. ಅದಕ್ಕೊಂದು ಇಂಗ್ಲಿಷ್ ಹೆಸರು ಇಟ್ಟಿದ್ದರು. ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ನಾನು ನಾಯಿ ಎಂದೇ ಕರೆಯುತ್ತಿದ್ದೆ. ನನಗೆ ನಾಯಿ ಇಷ್ಟವಿಲ್ಲ. ಅದು ನನ್ನ ಕೋಣೆಗೆ ಬರುತ್ತಿರಲಿಲ್ಲ, ನಾನು ಅದರ ಬಾಲ್ಕನಿಗೆ ಹೋಗುತ್ತಿರಲಿಲ್ಲ. ನಮ್ಮಿಬ್ಬರಿಗೆ ಜಗಳವೇನೂ ಇರಲಿಲ್ಲ.

ಮಗನಿಗೆ ಫೋಟೊದ ಹುಚ್ಚು. ಹೆಂಡತಿ ಮಕ್ಕಳ ಫೋಟೊ ಅಲ್ಲ, ಬರೀ ಮರಳಿನದ್ದು. ಚಳಿಗಾಲ ಬಂತೆಂದರೆ ರಜೆಯ ದಿನ ಡೇರೆ, ಇದ್ದಿಲು, ಮಸಾಲೆ ಹಚ್ಚಿದ ಕೋಳಿ ಎಲ್ಲ ಗಾಡಿಗೆ ತುಂಬಿಸಿ ಹೊರಡುತ್ತಾನೆ. ಆ ಸಲ ನನ್ನನ್ನೂ ಕೂರಿಸಿದ. ದಾರಿಯುದ್ದಕ್ಕೂ ಮೊಮ್ಮಗಳು ನನ್ನತ್ತ ತಿರುಗಲಿಲ್ಲ. ಗಾಡಿಯಲ್ಲಿ ಹೊಟ್ಟೆ ತೊಳಸಿರಬೇಕು ಎಂದುಕೊಂಡೆ.

ಅಲ್ಲಿ ಮುಟ್ಟಿದ ಕೂಡಲೇ ನಾಯಿ ಹಗ್ಗ ತಪ್ಪಿಸಿಕೊಂಡು ಓಡಿತು. ಎದುರಿಗೊಂದು ದೊಡ್ಡ ಮರಳಿನ ದಿಬ್ಬ, ಗಾಳಿ ಒರೆಸಿಟ್ಟ ಹಾಗೆ ನುಣ್ಣಗಿತ್ತು. ನಾಯಿ ಅದರ ನೆತ್ತಿಯವರೆಗೆ ಹೋಗಿ, ಅಲ್ಲಿ ಎರಡು ಸುತ್ತು ತಿರುಗಿ, ಇನ್ನೊಂದು ದಾರಿಯಲ್ಲಿ ಇಳಿದು ಬಂತು. ಮಗ ತಲೆಗೆ ಕೈ ಹೊತ್ತುಕೊಂಡ.

"ಹೋಯ್ತು! ನನ್ನ ಫ್ರೇಮೇ ಹೋಯ್ತು! ಈ ದರಿದ್ರ ನಾಯಿಯ ಹೆಜ್ಜೆ ಒಂದು ವಾರ ಗಾಳಿ ಬೀಸಿದ್ರೂ ಹೋಗ್ಲಿಕ್ಕಿಲ್ಲ!"

ನಾಯಿಯನ್ನು ಎಳೆದು ಗಾಡಿಯ ಹಿಂದೆ ಬಿಗಿಯಾಗಿ ಕಟ್ಟಿದ. ಕಟ್ಟಿದ ಜಾಗದ ಹತ್ತಿರವೇ ಅನ್ನದ ಪಾತ್ರೆ ಇತ್ತು. ನಾಯಿ ಮೂತಿ ಚಾಚಿ ಅದನ್ನು ನೆಕ್ಕಿತು. ನಾಯಿಯ ಜೊಲ್ಲು ತಾಗಿದರೆ ನಮ್ಮಲ್ಲಿ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ. ಕರಾವಳಿಯ ನಮ್ಮ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಮಗ ಪಾತ್ರೆಯನ್ನು ನನ್ನ ಮುಂದೆಯೇ ತಂದು, ನನಗೆ ಕೇಳುವ ಹಾಗೆ ಒಂದು, ಎರಡು ಎಂದು ಎಣಿಸುತ್ತ ಏಳು ಸಲ ತೊಳೆದ. ಕುಡಿಯುವ ನೀರಿನ ಕ್ಯಾನು ಅರ್ಧ ಖಾಲಿ. ಸುತ್ತ ಕಣ್ಣು ಹೋದಷ್ಟು ದೂರ ಮಣ್ಣೇ. ಪುಣ್ಯಾತ್ಮ ಒಂದು ಹಿಡಿ ಮಣ್ಣು ಹಾಕಲಿಲ್ಲ!

"ನಿನಗೆ ಯಾರು ತೊಳೀಲಿಕ್ಕೆ ಹೇಳಿದ್ದು ಮಾರಾಯ? ಕಟ್ಟಿಟ್ಟು ಮನೆಗೆ ಕೊಂಡ್ಹೋದ್ರೆ ಆಗ್ತಿರ್ಲಿಲ್ವಾ?" ಎಂದೆ.

"ನಿಮಗೋಸ್ಕರ ಉಮ್ಮ," ಎಂದ. ಹೆಂಡತಿಯ ಕಡೆ ನೋಡಿ ಹೇಳಿದ, ನನ್ನ ಕಡೆ ನೋಡಿ ಅಲ್ಲ. ಆಗಲೇ ನನಗೆ ಸಂಶಯ ಬಂತು.

ಮೊಮ್ಮಗಳು ನಾಯಿಯ ಕುತ್ತಿಗೆ ತಬ್ಬಿ ಕುಳಿತಿದ್ದಳು. ಹತ್ತಿರ ಹೋದೆ.

"ಎಂತ, ಮೋರೆ ಯಾಕೆ ಹಾಗೆ ಮಾಡಿದ್ದು?"

"ನೀವು ನನ್ನ ಹತ್ರ ಮಾತಾಡ್ಬೇಡಿ ಉಮ್ಮಾಮ. ಎಲ್ಲ ನಿಮ್ಮಿಂದಲೇ."

"ನಾನೆಂತ ಮಾಡಿದೆ?"

"ನಾಳೆ ಬೆಳಿಗ್ಗೆ ಒಂಟೆ ಮೇಯಿಸುವವ ಬಂದು ಇವನನ್ನು ಕರ್ಕೊಂಡು ಹೋಗ್ತಾನೆ. ಮನೆಯಲ್ಲಿ ನಾಯಿ ಇದ್ರೆ ನಿಮಗೆ ನಮಾಜು ಮಾಡ್ಲಿಕ್ಕೆ ಆಗುದಿಲ್ಲ ಅಂತೆ. ನೀವು ಅತ್ತಿರಂತೆ. ಪಪ್ಪ ಹೇಳಿದ್ದು."

ಅತ್ತದ್ದಂತೆ! ನನ್ನ ಗಂಡ ತೀರಿಹೋದಾಗಲೂ ಜನರ ಮುಂದೆ ಅತ್ತವಳಲ್ಲ ನಾನು.

ಸೂರ್ಯ ಇಳಿಯುತ್ತಿದ್ದ. ಮಗ ಬೇರೆ ದಿಬ್ಬವೊಂದನ್ನು ಹುಡುಕಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ಬಗ್ಗಿದ್ದ.

"ಒಂದು ನಿಮಿಷ ಉಮ್ಮ, ಅಲ್ಲೇ ನಿಲ್ಲಿ. ಬೆಳಕು ಹೋಗ್ತದೆ."

"ಹೋಗ್ಲಿ," ಎಂದೆ. ಚಪ್ಪಲಿ ಹಾಕಿದ ಕಾಲಿನಲ್ಲೇ ಅವನ ನುಣ್ಣಗಿನ ಮರಳಿನ ಮೇಲೆ ನಡೆದು ಕ್ಯಾಮೆರಾದ ಎದುರು ನಿಂತೆ. ಮಂಡಿ ನೋಯುತ್ತಿತ್ತು, ಆದರೂ ಬೇಕೆಂದೇ ದೊಡ್ಡ ಸುತ್ತು ಹಾಕಿದೆ.

"ಉಮ್ಮ! ಎಂತ ಮಾಡ್ತಿದ್ದೀರಿ!"

"ನಾನು ಯಾವಾಗ ಅತ್ತದ್ದು? ನಾಯಿ ಬಿಡು ಅಂತ ಯಾವಾಗ ಹೇಳಿದ್ದು?"

ಅವನು ಲೆನ್ಸು ಒರೆಸಲು ಶುರು ಮಾಡಿದ. "ನಾಯಿ ಇರುವ ಮನೆಗೆ ಮಲಕ್‌ಗಳು ಬರುದಿಲ್ಲ ಅಂತ ಚಿಕ್ಕಂದಿನಲ್ಲಿ ನೀವೇ ಹೇಳ್ತಿದ್ರಲ್ಲ." ಮಲಕ್ ಎಂದರೆ ದೇವದೂತರು.

"ಹೇಳಿದ್ದೇ. ಈಗಲೂ ಹೇಳ್ತೇನೆ. ಮರಿ ತರುವಾಗ ಅದು ನೆನಪಾಗ್ಲಿಲ್ವಾ ನಿನಗೆ? ಮಗು ಅದರ ಜೊತೆ ಬೆಳೆದ ಮೇಲೆ ನೆನಪಾದದ್ದಾ?"

ಕೋಳಿ ಮಗುಚುತ್ತಿದ್ದ ಸೊಸೆಗೆ ತಡೆಯಲಾಗಲಿಲ್ಲ. ಅಲ್ಲಿಂದಲೇ ಕೂಗಿ ಹೇಳಿದಳು: "ಮಲಕ್ ಅಲ್ಲ ಎಂತದೂ ಅಲ್ಲ ಉಮ್ಮ. ಬೆಳಿಗ್ಗೆ ಬೇಗ ಎದ್ದು ನಾಯಿಯನ್ನು ತಿರುಗಾಡಿಸ್ಲಿಕ್ಕೆ ಇವರಿಗೆ ಉದಾಸೀನ. ಕ್ಯಾಮೆರಾದ ಬ್ಯಾಗಿನಲ್ಲೆಲ್ಲ ರೋಮ ಅಂತೆ. ಅಷ್ಟೇ ವಿಷಯ."

ಅಷ್ಟೇ ವಿಷಯ! ಇವನಿಗೆ ಇದು ಹೊಸತೂ ಅಲ್ಲ. ರಿಯಾದಿನ ಮದುವೆಗೆ ಹೋಗಲು ಮನಸ್ಸಿಲ್ಲದಿದ್ದರೆ ಉಮ್ಮನ ಮಂಡಿನೋವು. ಊರಿನವರು ಊಟಕ್ಕೆ ಕರೆದರೆ ಉಮ್ಮನಿಗೆ ಸಕ್ಕರೆ ಕಾಯಿಲೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಅದೆಲ್ಲ ನುಂಗಿಕೊಂಡಿದ್ದೆ. ಆದರೆ ಒಂದು ಮಗು, ನನ್ನ ಅಜ್ಜಿ ನನ್ನ ನಾಯಿಯನ್ನು ಕಿತ್ತುಕೊಂಡಳು ಎಂದು ಬದುಕಿಡೀ ನೆನಪಿಟ್ಟುಕೊಳ್ಳಬೇಕೇ? ನಾನು ಮಾಡದ ಕೆಲಸಕ್ಕೆ?

"ಆ ಮನುಷ್ಯನಿಗೆ ಮಾತು ಕೊಟ್ಟಾಗಿದೆ ಉಮ್ಮ," ಎಂದ.

"ನಿನ್ನ ಮಾತು ನಿನ್ನ ಹತ್ರ ಇಟ್ಕೋ."

ಬೆಳಿಗ್ಗೆ ನಾನು ಸುಬಹ್ ನಮಾಜು ಮುಗಿಸುವ ಹೊತ್ತಿಗೆ ಪಿಕಪ್ ಬಂತು. ಒಂಟೆ ಮೇಯಿಸುವವನು ಸುಡಾನಿನವನು. ಅವನದೇನು ತಪ್ಪು, ಕೊಡುತ್ತೇನೆ ಎಂದವನು ನನ್ನ ಮಗ. ಮೊಮ್ಮಗಳು ಡೇರೆಯಿಂದ ಹೊರಗೆ ಬರಲಿಲ್ಲ. ಮಗ ಹಗ್ಗ ಬಿಚ್ಚುವ ಮೊದಲೇ ನಾನು ಹೋಗಿ ಬಿಚ್ಚಿದೆ. ಹಗ್ಗವನ್ನು ಕೈಗೆ ಸುತ್ತಿಕೊಂಡು, ಬರುವ ನಾಲ್ಕು ಅರಬಿ ಮಾತಿನಲ್ಲಿ ಆ ಮನುಷ್ಯನಿಗೆ, "ಮಾಫಿ. ಖಲಾಸ್," ಎಂದೆ. ನಾಯಿ ಇಲ್ಲ, ಮುಗಿಯಿತು ಎಂದು. ಅವನು ಮಗನ ಮುಖ ನೋಡಿದ, ನನ್ನ ಮುಖ ನೋಡಿದ, ನಗುತ್ತ ಒಂದು ಚಹಾ ಕುಡಿದು ಹೋದ.

ನಾಯಿಗೆ ಬುದ್ಧಿ ಇಲ್ಲ, ನನ್ನ ಕೈಯನ್ನು ಮೊಣಕೈಯವರೆಗೆ ನೆಕ್ಕಿಬಿಟ್ಟಿತು. ಒಂದು ಹಿಡಿ ಮರಳು ತೆಗೆದುಕೊಂಡು ತೊಳೆಯಲು ಕುಳಿತೆ. ಡೇರೆಯಿಂದ ಹೊರಬಂದ ಮೊಮ್ಮಗಳು ಬಾಟಲಿ ಹಿಡಿದು ನೀರು ಹೊಯ್ದಳು.

ವಾಪಸು ಬಂದ ಮೇಲೆ ಬೆಳಿಗ್ಗೆ ನಾಯಿಯನ್ನು ತಿರುಗಾಡಿಸುವುದು ಮಗನದೇ ಕೆಲಸವಾಯಿತು. ನಾನು ಬಾಗಿಲು ತಟ್ಟಿ ಎಬ್ಬಿಸುತ್ತಿದ್ದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದೆ. ಹಾಲ್‌ನಲ್ಲಿ ಮಗ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ನಾಯಿ ಸಾಕುವುದು ಸರಿಯಾ ಎಂದು ಊರಿನಿಂದ ಅವನ ಭಾವ ಕೇಳಿರಬೇಕು.

"ನಾನೆಂತ ಮಾಡುದು ಭಾವ? ನಮ್ಮ ಉಮ್ಮನಿಗೆ ನಾಯಿ ಅಂದ್ರೆ ಜೀವ. ಬಿಡ್ಲಿಕ್ಕೆ ಹೋದ್ರೆ ಹಗ್ಗ ಹಿಡಿದು ಅಳ್ತಾರೆ."

ಮೀನಿನ ಕೈಯಲ್ಲೇ ಎದ್ದು ಹೋಗಿ ಅವನ ಮುಂದೆ ನಿಂತೆ. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ನಾನೂ ಆ ಕಡೆಗೆ ಸರಿದೆ.

"ಹೇಳು," ಎಂದೆ.

ಅವನು ಗೋಡೆ ನೋಡಿದ. ಬಾಗಿಲಲ್ಲಿ ಮೊಮ್ಮಗಳು ಬಂದು ನಿಂತಳು. ನಾನು ಕದಲಲಿಲ್ಲ.

ಕೊನೆಗೆ ಗಂಟಲು ಸರಿಮಾಡಿಕೊಂಡು, "ಇಲ್ಲ ಭಾವ. ನಾಯಿ ನನ್ನದೇ. ನಾನೇ ತಂದದ್ದು, ನಾನೇ ಸಾಕುದು," ಎಂದ.

ನಾನು ಒಳಗೆ ಹೋಗಿ ಮೀನು ಕೊಯ್ಯಲು ಕುಳಿತೆ.