ಗೆರೆಯಕ್ಕ ಕೂರಿಸಿದ ಊರು

ನಮ್ಮ ಗೆರೆಯಕ್ಕನ ಕೈ ಎಷ್ಟು ನೇರವೆಂದರೆ, ಅವಳೆಳೆದ ಗೆರೆಯ ಮೇಲೆ ಒಮ್ಮೆ ನಡೆದ ಇರುವೆ ಆಮೇಲೆ ಸೊಟ್ಟಗೆ ನಡೆಯುವುದನ್ನೇ ಮರೆತುಬಿಡುತ್ತಿತ್ತು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮನೆಗಳ ನಕ್ಷೆ ಬರೆಯುವುದು, ಬಂದವರಿಗೆ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದು ಇಪ್ಪತ್ತು ವರ್ಷದಿಂದ ಅವಳ ಕಸುಬು. ಊರಿನ ಅರ್ಧ ಗೋಡೆಗಳೂ ಅಷ್ಟೂ ಮುಖಗಳೂ ಅವಳ ಕಂಪ್ಯೂಟರಿನಲ್ಲಿದ್ದವು. ಇಲ್ಲದ್ದೆಂದರೆ ತಂಗಿಯ ಮಾತು. ಅವ್ವನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಅದು ನಿಂತು ಆರು ವರ್ಷವಾಗಿತ್ತು. ತಂಗಿಯ ಮನೆಯಿದ್ದದ್ದು ಪಕ್ಕದ ಬೀದಿಯಲ್ಲೇ.

ನೀರಿನ ಟ್ಯಾಂಕಿನ ಕೆಳಗಿನ ಪಾಳು ಜಾಗವನ್ನು ಎಲ್ಲರೂ ಕೂರುವಂಥ ಚೌಕ ಮಾಡಲು ಪುರಸಭೆ ಹೊರಟಿತು. ನಕ್ಷೆ ಅಕ್ಕನ ಪಾಲಿಗೆ ಬಂತು. ಅವಳು ಪರದೆಯ ಮೇಲೆ ಮರ ನೆಟ್ಟಳು, ನೆರಳು ಬೀಳಿಸಿದಳು, ಸೂರ್ಯನನ್ನು ಬೆರಳಲ್ಲಿ ಹಿಡಿದು ಬೆಳಗಿನಿಂದ ಸಂಜೆಗೆ ಉರುಳಿಸಿದಳು. ಅಲ್ಲಿಂದ ಬೀಸಿದ ತಂಗಾಳಿಗೆ ಜೆರಾಕ್ಸಿಗೆ ಬಂದ ಮೇಷ್ಟ್ರು ಶಾಲು ಹೊದ್ದರು ಎನ್ನುತ್ತಾರೆ. ನಾನು ನೋಡಿದಾಗ ಬರೀ ಆಕಳಿಸುತ್ತಿದ್ದರು.

ಚಿತ್ರದಲ್ಲಿ ನಿಲ್ಲಿಸಲೆಂದು ತಂತ್ರಾಂಶದಲ್ಲೇ ಇದ್ದ ಸಿದ್ಧ ಗೊಂಬೆ ಜನರೆಲ್ಲ ಒಂಟೆಗಾಲಿನವರು, ಒಬ್ಬರಿಗೂ ಹೊಟ್ಟೆಯಿಲ್ಲ. ಇವರು ಕೂತರೆ ಬೆಂಚಿಗೇ ನಾಚಿಕೆಯೆಂದು ಅಕ್ಕ ಅವರನ್ನೆಲ್ಲ ಅಳಿಸಿ, ತನ್ನಲ್ಲಿದ್ದ ಫೋಟೋಗಳ ಮುಖಗಳನ್ನೇ ಕತ್ತರಿಸಿ ಕೂರಿಸಿದಳು. ಕ್ಷೌರಿಕ ಮರದಡಿ, ಸೂಲಗಿತ್ತಿ ಮೆಟ್ಟಿಲ ಮೇಲೆ. ಟ್ಯಾಂಕಿನ ಪಕ್ಕದ ಬೆಂಚಿನಲ್ಲಿ ತಾನು, ಜೊತೆಗೆ ತಂಗಿ.

ಚಿತ್ರ ದೊಡ್ಡ ಫ್ಲೆಕ್ಸಾಗಿ ಆ ಜಾಗದ ಮುಂದೆ ನಿಂತದ್ದೇ ತಡ, ಊರು ಅದನ್ನು ಸೀಟು ಹಂಚಿಕೆಯ ಪಟ್ಟಿಯೆಂದೇ ತಿಳಿಯಿತು. ತನಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಎರಡಡಿ ಜರುಗಿಸು ಎಂದು ಕ್ಷೌರಿಕ ಬಂದ. ಚಿತ್ರದಲ್ಲಿ ಬಿಟ್ಟುಹೋದವರ ಸಾಲು ಪಕ್ಕದ ಊರು ಮುಟ್ಟಿತು.

ನಾಲ್ಕನೇ ದಿನ ತಂಗಿಯೇ ಬಂದು ಬಾಗಿಲಲ್ಲಿ ನಿಂತಳು. ಮಾತಾಡಿದ್ದು ಜೆರಾಕ್ಸ್ ಯಂತ್ರದ ಜೊತೆ.

“ನನ್ನನ್ನ ಆ ಬೆಂಚಿಂದ ತೆಗೆಯೋಕೆ ಹೇಳು ಅವಳಿಗೆ.”

ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಅಕ್ಕನ ಬೆರಳು ಗುಂಡಿಯ ಮೇಲೆ ನಿಂತಷ್ಟು ಹೊತ್ತಿನಲ್ಲಿ ಅದಕ್ಕೊಂದು ಜೇಡ ಬಲೆ ಕಟ್ಟಿ ಸಂಸಾರ ಹೂಡಬಹುದಿತ್ತು.

“ನಿನ್ನನ್ನ ತೆಗೆದ್ರೆ ನನ್ನನ್ನೂ ತೆಗೀಬೇಕು ಕಣೆ,” ಎಂದಳು. “ಒಬ್ಬಳೇ ಕೂತ್ರೆ ಬಸ್ಸಿಗೆ ಕಾಯೋಳ ಥರ ಕಾಣ್ತೀನಿ.”

ತಂಗಿ ತಿರುಗಿ ನಡೆದಳು. ಅಕ್ಕ ಚಿತ್ರವನ್ನು ಮುಟ್ಟಲಿಲ್ಲ.

ಚೌಕ ತೆರೆದ ಸಂಜೆ ಎಲ್ಲರೂ ಚಿತ್ರದಲ್ಲಿದ್ದ ತಮ್ಮ ಜಾಗ ಹುಡುಕಿ ಕೂತರು. ನೆರಳುಗಳು ಬರೆದಿಟ್ಟ ದಿಕ್ಕಿಗೇ ಮೆಲ್ಲಗೆ ಉದ್ದವಾದವು. ಯಾರದೋ ನಿದ್ದೆಯೊಳಗೆ ನಾವೆಲ್ಲ ಕಾಲು ಚಾಚಿ ಕೂತಂತಿತ್ತು. ಬೆಂಚಿನ ಒಂದು ತುದಿಯಲ್ಲಿ ಅಕ್ಕ. ಪಕ್ಕ ಖಾಲಿ. ಜಾಗ ಸಿಗದ ಬೇಕರಿಯವನು ಅಲ್ಲಿ ಕೂರಲು ಹೋದ. ಊರೇ ಕೆಮ್ಮಿತು. ಎದ್ದುಬಂದ.

ದೀಪ ಹತ್ತುವ ಹೊತ್ತಿಗೆ ತಂಗಿ ಬಂದಳು. ಫ್ಲೆಕ್ಸ್ ನೋಡಿದಳು, ಬೆಂಚು ನೋಡಿದಳು, ಕೂತಳು. ಗಾರೆಯವನು ಬೆಂಚನ್ನು ನಕ್ಷೆಗಿಂತ ಒಂದು ಮೊಳ ಗಿಡ್ಡ ಕಟ್ಟಿದ್ದ. ಭುಜಕ್ಕೆ ಭುಜ ತಾಗಿತು.

“ಜರುಗೇ.”

“ಎಲ್ಲಿಗೆ ಜರುಗ್ಲಿ? ಈಚೆ ಬೆಂಚೇ ಮುಗೀತು.”

ತಂಗಿ ಬಗ್ಗಿ ನೋಡಿದಳು. “ಹೌದಲ್ಲ,” ಎಂದು ಕಾಲು ಚಾಚಿ, ಅಕ್ಕನ ಭುಜಕ್ಕೆ ಭಾರ ಬಿಟ್ಟಳು.